ಬಾವಿಯೊಳಗೆ ಅಜ್ಜ ಇದ್ದರು

ಪ್ರತಿ ವರ್ಷ ಜೂನ್ ಬಂತೆಂದರೆ ಇಂಥ ಒಬ್ಬ ಹುಡುಗನಾದರೂ ನನ್ನ ಹತ್ತಿರ ಸಲಹೆಗೆ ಬರುತ್ತಾನೆ. ಬೇಸಿಗೆ ರಜೆಯಲ್ಲಿ ಕಾಡಿನ ಕ್ಯಾಂಪಿಗೆ ಹೋಗಿ ಬಂದವನು. ಗಟ್ಟಿಯಾಗಲಿ ಎಂದು ಕಳಿಸಿದ ಅಪ್ಪನೇ ಕರೆತಂದಿರುತ್ತಾರೆ. ಈ ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬದಲಿಸಿ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಹುಡುಗ, 15 ವರ್ಷ. ಮೊಬೈಲ್ ಬಿಡಲ್ಲ, ಎದುರು ಮಾತಾಡ್ತಾನೆ ಎಂಬುದು ಮನೆಯವರ ದೂರು. ದಾಂಡೇಲಿ ಕಡೆಗೆ 4 ರಾತ್ರಿಯ ಕ್ಯಾಂಪು. ಬೆಂಕಿಪೊಟ್ಟಣ ಇಲ್ಲದೆ ಬೆಂಕಿ ಹಚ್ಚಿದ, ತಾಡಪತ್ರಿ ಕಟ್ಟಿ ಮಲಗಿದ, ಹಳ್ಳದ ನೀರು ಕುದಿಸಿ ಕುಡಿದ. ವಾಪಸ್ ಬಂದ ಮೇಲೆ ಮಾತೇ ಬಿಟ್ಟ.

"ಇನ್ನೂ ಮೆತ್ತಗಾಗ್ಯಾನ್ರಿ ಮೇಡಂ" ಎಂದರು ಅಪ್ಪ. ಅವರಿಗೆ ನಿಜಕ್ಕೂ ಚಿಂತೆಯಾಗಿತ್ತು.

ಎರಡು ಭೇಟಿಯಲ್ಲಿ ಹುಡುಗ ಏನೂ ಹೇಳಲಿಲ್ಲ. ಮೂರನೇ ಸಲ, ಅಪ್ಪ ಇದ್ದಾಗಲೇ, ನೆಲ ನೋಡುತ್ತಾ ಶುರು ಮಾಡಿದ. "ಎರಡನೇ ರಾತ್ರಿ ಒಬ್ಬ ಸಣ್ಣ ಹುಡುಗ ಅಂಜಿ ಅಳಾಕತ್ತಿದ್ದ. ಲೀಡರ್ ಅವನ್ನ ಹೊರಗ ಕತ್ತಲ್ಯಾಗ ಕುಂದ್ರಿಸಿದ್ರು. ಎಲ್ಲಾರೂ ನಕ್ರು. ನಾನೂ ನಕ್ಕೆ."

ಅಪ್ಪನಿಗೆ ತಡೆಯಲಾಗಲಿಲ್ಲ. "ಇಷ್ಟಕ್ಕ ಇಷ್ಟೆಲ್ಲಾ ಏನೋ? ನಮ್ಮಪ್ಪ ನನ್ನ ಬಾವ್ಯಾಗ ಒಗದಿದ್ದ. ಹಂಗ ಈಜು ಕಲ್ತೆ ನಾನು!"

"ಅಜ್ಜ ಎಲ್ಲಿದ್ದ ಪಪ್ಪಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀರಾಗ ಇದ್ದ. ನನಗಿಂತ ಮೊದಲ ಅವನ ಜಿಗದಿದ್ದ."

"ಅಲ್ಲೆ ಆ ಹುಡುಗನ ಹತ್ರ ಯಾರೂ ಇರಲಿಲ್ಲ" ಎಂದ ಮಗ. "ನಾನರ ಹೋಗಬೇಕಿತ್ತು."

ಈ ಮಾತು ಕೇಳಿದ ಮೇಲೆ ಅವನನ್ನು ಮೆತ್ತಗಿನವನು ಎನ್ನಲು ನನಗಾಗಲಿಲ್ಲ. ಅಪ್ಪ ದುಡ್ಡು ಕೊಟ್ಟು ಬಯಸಿದ್ದು ಇದೇ ಅಲ್ವಾ? ಅದು ಅವರು ಅಂದುಕೊಂಡ ರೂಪದಲ್ಲಿ ಬಂದಿರಲಿಲ್ಲ, ಅಷ್ಟೇ.

ನಾನು ಕ್ಯಾಂಪಿನ ವಿರೋಧಿಯಲ್ಲ. ಮಳೆ, ಹಸಿವು, ಕತ್ತಲು ಹುಡುಗರಿಗೆ ಬಹಳ ಕಲಿಸುತ್ತವೆ. 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಶಿಕ್ಷಣತಜ್ಞ ಕುರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಔಟ್‌ವರ್ಡ್ ಬೌಂಡ್ ಎಂಬ ಸಾಹಸ ಶಿಕ್ಷಣದ ಶಾಲೆ ತೆರೆದರು. ಯುದ್ಧಕಾಲದಲ್ಲಿ ಹಡಗು ಮುಳುಗಿದಾಗ ಎಳೆಯ ನಾವಿಕರು ಬದುಕಿ ಉಳಿಯಲಿ ಎಂಬುದು ಒಂದು ಉದ್ದೇಶ. ಆದರೆ ಬೇರೆಯವರನ್ನು ಕಾಪಾಡುವುದನ್ನೂ ಹಾನ್ ಹುಡುಗರಿಗೆ ಕಲಿಸಿದ. ನಮ್ಮ ಎಷ್ಟೋ ಕ್ಯಾಂಪುಗಳು ಆ ಅರ್ಧವನ್ನೇ ಬಿಟ್ಟಿವೆ.

ಹುಡುಗನಿಗೆ ಹೇಳಿದೆ: ಆ ಸಣ್ಣವನಿಗೆ ಫೋನ್ ಮಾಡು. ನೆಪ ಹೇಳಬೇಡ. ನಕ್ಕಿದ್ದು ತಪ್ಪಾಯ್ತು ಎನ್ನು, ಸಾಕು. ಅವನು ಬೈದರೆ ಬೈಸಿಕೋ.

ಮುಗಿದದ್ದನ್ನು ಯಾಕೆ ಕೆದಕೋದು ಎಂದು ಅಪ್ಪ ಕೇಳಿದರು. ನಾನು ಪಟ್ಟು ಬಿಡಲಿಲ್ಲ. ಈ ನಾಚಿಕೆಗೆ ದಾರಿ ಕೊಡದಿದ್ದರೆ ಮುಂದಿನ ಸಲ ನಗುವುದು ಅವನಿಗೆ ಸಲೀಸಾಗುತ್ತದೆ. ಇಂಥವರನ್ನು ನಾನು ನೋಡಿದ್ದೇನೆ, ಅದಕ್ಕೇ ಹೆದರುತ್ತೇನೆ.

ಅಪ್ಪನಿಗೆ ಎರಡು ಕೆಲಸ ಕೊಟ್ಟೆ. ನಡೆದದ್ದನ್ನು ಕ್ಯಾಂಪಿನವರಿಗೆ ಬರೆದು ತಿಳಿಸಿ, ಆ ಮಗುವಿನ ಮನೆಯವರಿಗೂ ಹೇಳಿ. ಆಮೇಲೆ ಒಂದು ಭಾನುವಾರ ಇಬ್ಬರೇ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೋಗಿ. 2019ರಿಂದ ಅದು ವನ್ಯಜೀವಿಧಾಮ, ಹಾಗಾಗಿ ಬಿಟ್ಟಿರುವ ದಾರಿಯಲ್ಲೇ ನಡೆಯಿರಿ. ನೀವೂ ಚೀಲ ಹೊರಬೇಕು. ಸುಸ್ತಾದರೆ ಸುಸ್ತಾಯ್ತು ಅಂತ ಮಗನ ಮುಂದೆ ಹೇಳಬೇಕು.

ಕ್ಯಾಂಪಿಗೆ ಹೆಸರು ಬರೆಸುವ ಮೊದಲು ನೀವು ಕೇಳಬೇಕಾದ್ದು ಇಷ್ಟು. ಒಬ್ಬ ಲೀಡರಿಗೆ ಎಷ್ಟು ಮಕ್ಕಳು? ಮನೆಗೆ ಮಾತಾಡಬೇಕು ಅಂದರೆ ಬಿಡುತ್ತೀರಾ? ರಾತ್ರಿ ನನ್ನ ಮಗ ಅಂಜಿದರೆ ಅವನ ಪಕ್ಕ ಯಾರು ಕೂರುತ್ತಾರೆ? ಕೊನೆಯ ಪ್ರಶ್ನೆಗೆ ನಕ್ಕರೆ ಎದ್ದು ಬನ್ನಿ.

ಹುಡುಗ ಎರಡು ಸಲ ಫೋನ್ ಮಾಡಿದರೂ ಆ ಸಣ್ಣವನು ಎತ್ತಲಿಲ್ಲ. ಮೂರನೇ ಸಲ ಎತ್ತಿದ. ಏನು ಮಾತಾಡಿದರು ಎಂದು ನಾನು ಕೇಳಲಿಲ್ಲ.