ರಿಟರ್ನ್ಸ್ ಸಲ್ಲಿಸಿದ ಮೇಲೆ ಮುಂಗಡ ತೆರಿಗೆಯ ಕಂತನ್ನು ಬದಲಿಸಬಹುದೇ?

ನೀವು ಮಂಡ್ಯದ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕರು, ನೂರಡಿ ರಸ್ತೆಯ ಎರಡು ಮಳಿಗೆಗಳಿಂದ ಬಾಡಿಗೆ ಬರುತ್ತದೆ, ಊರಿನಲ್ಲಿ ಸ್ವಲ್ಪ ಕಬ್ಬಿನ ಗದ್ದೆಯೂ ಇದೆ ಎಂದು ಬರೆದಿದ್ದೀರಿ. 2025-26ನೇ ಸಾಲಿಗೆ ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ) ಕಳೆದು 40,000 ರೂಪಾಯಿ ತೆರಿಗೆ ಬರಬಹುದೆಂದು ಅಂದಾಜಿಸಿ ಮುಂಗಡ ತೆರಿಗೆಯ, ಅಂದರೆ ವರ್ಷ ಮುಗಿಯುವ ಮೊದಲೇ ಕಂತುಗಳಲ್ಲಿ ಕಟ್ಟುವ ತೆರಿಗೆಯ, ಮೊದಲ ಕಂತಾಗಿ ಜೂನ್‌ನಲ್ಲಿ 6,000 ಕಟ್ಟಿದ್ದೀರಿ. ಆಗಸ್ಟ್‌ನಲ್ಲಿ ಹಿಂದಿನ ಸಾಲಿನ ರಿಟರ್ನ್ಸ್ ಸಲ್ಲಿಸುವಾಗ ಈ ಸಾಲಿನ ತೆರಿಗೆ 64,000ದ ಹತ್ತಿರ ಹೋಗುವುದು ಗೊತ್ತಾಗಿದೆ. ಹೊಸ ಅಂದಾಜನ್ನು ಇಲಾಖೆಗೆ ಬರೆದು ತಿಳಿಸಬೇಕೇ ಎಂಬುದು ನಿಮ್ಮ ಪ್ರಶ್ನೆ.

ಬೇಕಿಲ್ಲ. ಅಂದಾಜು ನಮ್ಮದೇ ಆದ್ದರಿಂದ, ಮುಂದಿನ ಕಂತಿನ ಮೊತ್ತವನ್ನು ಬದಲಿಸಿ ಕಟ್ಟಿದರೆ ಅದೇ ತಿದ್ದುಪಡಿ. ಕಂತುಗಳನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಾಗಿ ನೋಡಬೇಕು: ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಶೇ 45, ಡಿಸೆಂಬರ್ 15ರೊಳಗೆ ಶೇ 75, ಮಾರ್ಚ್ 15ರೊಳಗೆ ಪೂರ್ತಿ. 64,000ದ ಶೇ 45 ಎಂದರೆ 28,800. ಕಟ್ಟಿರುವ 6,000 ಕಳೆದರೆ ಸೆಪ್ಟೆಂಬರ್‌ನಲ್ಲಿ 22,800 ಕಟ್ಟಬೇಕು. ಅಲ್ಲಿಂದ ಡಿಸೆಂಬರ್‌ಗೆ 19,200, ಮಾರ್ಚ್‌ಗೆ 16,000 ಉಳಿಯುತ್ತದೆ.

ಜೂನ್ ಕಂತಿನ ಕೊರತೆಗೆ ಮಾತ್ರ ಬಡ್ಡಿ ತಪ್ಪುವುದಿಲ್ಲ. ಶೇ 12ರಷ್ಟನ್ನಾದರೂ, ಅಂದರೆ 7,680 ಕಟ್ಟಿದ್ದರೆ ಅದೂ ಇರುತ್ತಿರಲಿಲ್ಲ. ನೀವು ಅದಕ್ಕಿಂತ ಕೆಳಗಿದ್ದೀರಿ. ಹಾಗಾಗಿ ಕಡಿಮೆ ಬಿದ್ದ 3,600 ರೂಪಾಯಿಗೆ ತಿಂಗಳಿಗೆ ಶೇ 1ರಂತೆ ಮೂರು ತಿಂಗಳ ಬಡ್ಡಿ, ಒಟ್ಟು 108 ರೂಪಾಯಿ. ಅದನ್ನು ಈಗ ಕಟ್ಟಬೇಕಾಗಿಲ್ಲ, ಮುಂದಿನ ವರ್ಷ ರಿಟರ್ನ್ಸ್ ತುಂಬುವಾಗ ಲೆಕ್ಕಕ್ಕೆ ಬರುತ್ತದೆ. ಇಷ್ಟಕ್ಕೆ ನಿದ್ದೆಗೆಡುವ ಅಗತ್ಯವಿಲ್ಲ.

ಆದರೆ 64,000ದ ಅಂದಾಜಿನಲ್ಲಿ ಕಬ್ಬಿನ ಹಣವನ್ನು ಗಮನಿಸಿದ್ದೀರಾ ಎಂದು ನನಗೆ ಅನುಮಾನ. ಕೃಷಿ ವರಮಾನಕ್ಕೆ ತೆರಿಗೆಯಿಲ್ಲ ಎಂದು ನಮ್ಮ ಕಡೆ ಎಲ್ಲರೂ ಅದನ್ನು ಮರೆತುಬಿಡುತ್ತಾರೆ. ಆದರೆ ಖರ್ಚು ಕಳೆದು ಅದು 5,000 ರೂಪಾಯಿ ದಾಟಿದರೆ, ಉಳಿದ ವರಮಾನದ ಮೇಲಿನ ತೆರಿಗೆಯ ದರವನ್ನು ನಿರ್ಧರಿಸಲು ಅದನ್ನೂ ಸೇರಿಸಿಕೊಳ್ಳುತ್ತಾರೆ. ಸಕ್ಕರೆ ಕಾರ್ಖಾನೆಯ ಹಣ ಯಾವ ತಿಂಗಳು ಕೈಗೆ ಬರುತ್ತದೆಂದು ಹೇಳುವುದು ಕಷ್ಟವಾದ್ದರಿಂದ, ಡಿಸೆಂಬರ್ ಕಂತಿಗೆ ಮೊದಲು ಇನ್ನೊಮ್ಮೆ ಲೆಕ್ಕ ಹಾಕುವುದು ಒಳ್ಳೆಯದು.

ಸಂಬಳದಾರರಾದ ನಿಮಗೆ ಇನ್ನೊಂದು ದಾರಿಯೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಬಾಡಿಗೆ ಮತ್ತು ಠೇವಣಿ ಬಡ್ಡಿಯ ವಿವರವನ್ನು ಕಾಲೇಜಿನ ಲೆಕ್ಕಪತ್ರ ವಿಭಾಗಕ್ಕೆ ಬರೆದುಕೊಟ್ಟರೆ ಸಂಬಳದಲ್ಲೇ ಹೆಚ್ಚು ಟಿಡಿಎಸ್ ಹಿಡಿಯುತ್ತಾರೆ. ಹಾಗೆ ಹಿಡಿದದ್ದು ವರ್ಷದ ಒಟ್ಟು ತೆರಿಗೆಯಿಂದಲೇ ಕಳೆಯುವುದರಿಂದ, ಫೆಬ್ರುವರಿಯಲ್ಲಿ ಹಿಡಿದರೂ ಹಿಂದಿನ ಕಂತುಗಳ ಕೊರತೆಯನ್ನು ತಗ್ಗಿಸುತ್ತದೆ. ನಾವೇ ತಡವಾಗಿ ಕಟ್ಟಿದ ಹಣಕ್ಕೆ ಆ ಅನುಕೂಲವಿಲ್ಲ.

ಹೋದ ವರ್ಷದ ರೀಫಂಡನ್ನು ಈ ಕಂತಿಗೆ ಜಮಾ ಮಾಡಿಸಬಹುದೇ ಎಂದೂ ಕೇಳಿದ್ದೀರಿ. ಅಮೆರಿಕದಲ್ಲಿರುವ ನಮ್ಮ ಭಾವ ತಮ್ಮ ರಿಟರ್ನ್‌ನಲ್ಲೇ ಹಾಗೆ ಬರೆದು ಮುಂದಿನ ವರ್ಷದ ಮೊದಲ ಕಂತನ್ನು ಮುಗಿಸುತ್ತಾರೆ, ಆದರೆ ನಮ್ಮ ಅರ್ಜಿಯಲ್ಲಿ ಅಂಥ ಅಂಕಣವೇ ಇಲ್ಲ. ರೀಫಂಡ್ ಬ್ಯಾಂಕ್ ಖಾತೆಗೇ ಬರುತ್ತದೆ, ಕಂತನ್ನು ಬೇರೆಯಾಗಿಯೇ ಕಟ್ಟಬೇಕು.

ಕೊನೆಯದಾಗಿ ಚಲನ್. ಮೈಸೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯ ಸಲುವಾಗಿ ನಾನು ಮೊದಲ ಬಾರಿ ಮುಂಗಡ ತೆರಿಗೆ ಕಟ್ಟಿದ್ದು ಸೆಪ್ಟೆಂಬರ್ 14ರ ರಾತ್ರಿ, ಆಗಷ್ಟೇ ರಿಟರ್ನ್ಸ್ ಮುಗಿಸಿದ ರೂಢಿಯಲ್ಲಿ ಹಿಂದಿನ ಅಸೆಸ್‌ಮೆಂಟ್ ವರ್ಷವನ್ನೇ (ವರಮಾನ ಬಂದ ಸಾಲಿನ ಮರುವರ್ಷಕ್ಕೆ ಹೀಗನ್ನುತ್ತಾರೆ) ಆರಿಸಿಬಿಟ್ಟೆ. ತಪ್ಪು ಕಂಡದ್ದು ಡಿಸೆಂಬರ್‌ನಲ್ಲಿ. ಪೋರ್ಟಲ್‌ನಲ್ಲಿ ತಿದ್ದಿಕೊಳ್ಳುವ ಅವಧಿ ಅಷ್ಟರಲ್ಲಿ ಮುಗಿದಿತ್ತು, ಮನವಿ ಪತ್ರ ಹಿಡಿದು ಅಲೆಯಬೇಕಾಯಿತು. ನಿಮ್ಮ ಚಲನ್‌ನಲ್ಲಿ ಅಸೆಸ್‌ಮೆಂಟ್ ವರ್ಷ 2026-27 ಎಂದೂ, ಪಾವತಿಯ ಬಗೆ 100, ಅಂದರೆ ಮುಂಗಡ ತೆರಿಗೆ ಎಂದೂ ಇರಬೇಕು. ಪಕ್ಕದಲ್ಲೇ ಕಾಣುವ 300 ಎಂಬುದು ವರ್ಷ ಮುಗಿದ ಮೇಲೆ ರಿಟರ್ನ್ಸ್ ಜೊತೆ ಕಟ್ಟುವ ಬಾಕಿಗೆ.