ತಂತಿಗೆ ಯಜಮಾನ ಯಾರು?

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: "2025ರ ಮೇ 8ರಂದು ಉತ್ತರಕಾಶಿಯ ಗಂಗನಾನಿ ಹತ್ತಿರ ಹೆಲಿಕಾಪ್ಟರ್ ತಂತಿಗೆ ತಾಗಿ ಬಿದ್ದು ಆರು ಜನ ಸತ್ತರು. ಕೋಟಿಗಟ್ಟಲೆ ಬೆಲೆಯ ಯಂತ್ರ ಓಡಿಸುವವನಿಗೆ ಒಂದು ತಂತಿ ಕಾಣುವುದಿಲ್ಲವೇ? ಇದು ಪೈಲಟ್‌ನ ಅಜಾಗ್ರತೆ ಅಲ್ಲದೆ ಮತ್ತೇನು?"

ಉತ್ತರ: ನಿಮ್ಮ ಪತ್ರ ಓದಿ ಮೊದಲು ಹಣೆ ಮುಟ್ಟಿ ನೋಡಿಕೊಂಡೆ. ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕಲು ಒಂದು ತಂತಿ ಇದೆ. ಕಟ್ಟಿದ್ದು ನಾನೇ. ಅದಕ್ಕೆ ಎಷ್ಟು ಸಲ ಹಣೆ ಬಡಿಸಿಕೊಂಡಿದ್ದೇನೋ ಲೆಕ್ಕವಿಲ್ಲ, ಅದೂ ಕಾಫಿ ಲೋಟ ಹಿಡಿದು ನಿಧಾನಕ್ಕೆ ನಡೆಯುತ್ತಾ.

ಪೈಲಟ್‌ಗಳು ತಪ್ಪೇ ಮಾಡುವುದಿಲ್ಲ ಎಂದು ನಾನು ಹೇಳುವುದಿಲ್ಲ. ಅಷ್ಟು ಕೆಳಗೆ ಯಾಕೆ ಬಂದರು ಅಂತ ಕೇಳಲೇಬೇಕು. ಸರಿ, ಕೇಳಿದ್ದಾಯಿತು. ಈಗ ತಂತಿಯ ವಿಷಯಕ್ಕೆ ಬರೋಣ.

ತನಿಖೆಯ ಪ್ರಾಥಮಿಕ ವರದಿ ಹೇಳುವುದು ಇಷ್ಟು. ಖರ್‌ಸಾಲಿಯಿಂದ ಹೊರಟ ಹೆಲಿಕಾಪ್ಟರ್ 24 ನಿಮಿಷ ಹಾರಿ, ಆಮೇಲೆ ಕೆಳಗಿಳಿಯತೊಡಗಿತು. ಗಂಗೋತ್ರಿ ರಸ್ತೆಯ ಮೇಲೆ ಇಳಿಸಲು ನೋಡುವಾಗ ರೆಕ್ಕೆ ರಸ್ತೆಯುದ್ದಕ್ಕೂ ಎಳೆದಿದ್ದ ಫೈಬರ್ ಕೇಬಲ್‌ಗೆ ತಾಗಿತು. ಹೈಟೆನ್ಷನ್ ಲೈನ್ ಅಲ್ಲ, ಫೈಬರ್ ಕೇಬಲ್! ಇದೇ ಜಿಲ್ಲೆಯಲ್ಲಿ 2019ರ ಆಗಸ್ಟ್ 21ರಂದು, ಪ್ರವಾಹಕ್ಕೆ ಸಿಕ್ಕಿದ್ದ ಆರಾಕೋಟ್ ಕಡೆಯ ಹಳ್ಳಿಗಳಿಗೆ ಪರಿಹಾರ ಸಾಮಗ್ರಿ ಒಯ್ದಿದ್ದ ಹೆಲಿಕಾಪ್ಟರ್ ಕೂಡ ಕೇಬಲ್‌ಗೆ ಸಿಕ್ಕಿ ಬಿತ್ತು. ಮೂವರು ಸತ್ತರು. ಅದು ಗುಡ್ಡದ ತೋಟಗಳಿಂದ ಸೇಬಿನ ಪೆಟ್ಟಿಗೆ ರಸ್ತೆಗೆ ಇಳಿಸಲು ಎಳೆದ ತಂತಿ. ಹಳ್ಳಿಯವರ ಮೇಲೆ ನನಗೆ ಸಿಟ್ಟಿಲ್ಲ. ರಸ್ತೆ ಇಲ್ಲದ ಕಡೆ ಸೇಬು ಮತ್ತೆ ಹೇಗೆ ಇಳಿಯಬೇಕು? ಆದರೆ ಆ ತಂತಿ ಎಲ್ಲಿದೆ ಅಂತ ಪೈಲಟ್‌ಗೆ ಹೇಳುವವರು ಒಬ್ಬರಾದರೂ ಬೇಡವೇ?

ಮೇಲಿನಿಂದ ನೋಡುವವನಿಗೆ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ಹಿಂದೆ ಕಾಡು, ಬಂಡೆ ಇದ್ದರಂತೂ ಅದು ಅಲ್ಲೇ ಕರಗಿಹೋಗುತ್ತದೆ. ಹೈಟೆನ್ಷನ್ ಲೈನ್‌ನಲ್ಲಿ ಇನ್ನೂ ಒಂದು ಮೋಸವಿದೆ. ದಪ್ಪ ತಂತಿಗಳನ್ನು ಕಂಡು ಮೇಲಕ್ಕೆತ್ತಿದರೆ, ಅದರ ಮೇಲೆ ಸಿಡಿಲಿಗೆಂದು ಎಳೆದ ತೆಳು ತಂತಿ ಕಾದು ಕೂತಿರುತ್ತದೆ. ಅದಕ್ಕೇ ಕಂಬದ ನೆತ್ತಿಯ ಮೇಲೇ ದಾಟಿ ಅಂತ ಪೈಲಟ್‌ಗಳಿಗೆ ಕಲಿಸುತ್ತಾರೆ. ಮೂತಿಗೆ ಸಿಕ್ಕಿಸುವ ತಂತಿ ಕತ್ತರಿಸುವ ಚಾಕುಗಳೂ ಇವೆ, ಕೆನಡಾದವರು ಮಾಡಿದ್ದು. ಆದರೆ ಅವು ಕೆಲಸ ಮಾಡಬೇಕಾದರೆ ಹೆಲಿಕಾಪ್ಟರ್ ಮುಂದಕ್ಕೆ ವೇಗವಾಗಿ ಹೋಗುತ್ತಿರಬೇಕು. ಇಳಿಯುವಾಗ ರೆಕ್ಕೆಗೇ ತಂತಿ ತಾಗಿದರೆ ಚಾಕು ಏನು ಮಾಡೀತು? ಆಸ್ಟ್ರೇಲಿಯಾದವರು ಇಂಥ ಅಪಘಾತಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅರ್ಧಕ್ಕಿಂತ ಜಾಸ್ತಿ ಪೈಲಟ್‌ಗಳಿಗೆ ಅಲ್ಲಿ ತಂತಿ ಇರುವುದು ಮೊದಲೇ ಗೊತ್ತಿತ್ತು! ನನ್ನ ಹಿತ್ತಲಿನ ಕಥೆಯೇ, ಅಲ್ವಾ?

ಹಾರುವುದಕ್ಕೇ ಹುಟ್ಟಿದ ಹಕ್ಕಿಗಳಿಗೂ ತಂತಿ ಕಾಣುವುದಿಲ್ಲ. ನಮ್ಮ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ರಾಜಸ್ಥಾನದಲ್ಲಿ ವಿದ್ಯುತ್ ತಂತಿಗೆ ಬಡಿದೇ ಸಾಯುತ್ತಿದೆ. ತಂತಿಗಳನ್ನು ನೆಲದಡಿಗೆ ಹಾಕಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, 2024ರಲ್ಲಿ ಅದನ್ನು ಸಡಿಲಿಸಿತು. ಹಕ್ಕಿಗೂ ಅಜಾಗ್ರತೆ ಅನ್ನುತ್ತೀರಾ?

ನಮ್ಮಲ್ಲಿ ತಂತಿ ಎಳೆಯುವವರು ನೂರು ಜನ, ತೆಗೆಯುವವರು ಯಾರೂ ಇಲ್ಲ. ನಮ್ಮ ಕಚೇರಿ ಮುಂದಿನ ಹೊಂಗೆ ಮರದಲ್ಲಿ ಏಳು ಕೇಬಲ್‌ಗಳಿವೆ. ಎರಡು ಸತ್ತು ಎಷ್ಟು ವರ್ಷವಾಯಿತೋ. ಕಳೆದ ಮಳೆಗಾಲದಲ್ಲಿ ಒಂದು ಜೋತು ಬಿದ್ದು, ಸ್ಕೂಟರ್‌ನಲ್ಲಿ ಬರುತ್ತಿದ್ದ ನಮ್ಮ ಹುಡುಗನ ಕನ್ನಡಕ ಕಿತ್ತುಕೊಂಡಿತು. ಮೂರು ಕಡೆ ಫೋನ್ ಮಾಡಿದೆ. ಮೂವರೂ ಹೇಳಿದ್ದು ಒಂದೇ: "ಅದು ನಮ್ಮದಲ್ಲ ಸಾರ್." ಕೊನೆಗೆ ನಾನೇ ಕುರ್ಚಿ ಹತ್ತಿ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿದೆ.

ನೀವು ಒಳ್ಳೆಯ ಓದುಗರು, ಸಿಟ್ಟೂ ಚೆನ್ನಾಗಿ ಬರುತ್ತದೆ, ಅದನ್ನು ಸತ್ತವನ ಮೇಲೆ ಸುಮ್ನೆ ಯಾಕೆ ಖರ್ಚು ಮಾಡುತ್ತೀರಿ? ಈ ಕಡೆ ಬಂದಾಗ ಕಚೇರಿಗೂ ಬನ್ನಿ, ಮಾತಾಡೋಣ. ಹೊಂಗೆ ಮರದ ಹತ್ತಿರ ಮಾತ್ರ ಸ್ವಲ್ಪ ತಲೆ ಬಗ್ಗಿಸಿ. ಕೆಂಪು ಬಟ್ಟೆ ಬಿಸಿಲಿಗೆ ಬಣ್ಣ ಹೋಗಿ ಈಗ ಅಷ್ಟಾಗಿ ಕಾಣುತ್ತಿಲ್ಲ.