ಫ್ಯಾನಿನ ಸದ್ದು ಹೋಗಲಿ, ಸುತ್ತಿಗೆಯ ಸದ್ದು ಇರಲಿ

ಪ್ರಶ್ನೆ: ನಮ್ಮ ಸೋದರಮಾವ ಬಿದರಿ ಕೆಲಸದವರು. ಅವರ ಮಾತನ್ನು ಕೆಲಸದ ಕೋಣೆಯಲ್ಲೇ ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್ ಮಾಡಬೇಕೆಂದಿದ್ದೇನೆ. ನನ್ನ ಹತ್ತಿರ 4 ಜಿಬಿ ರ‍್ಯಾಮಿನ ಹಳೇ ವಿಂಡೋಸ್ ಲ್ಯಾಪ್‌ಟಾಪ್ ಇದೆ. ದುಡ್ಡಿಲ್ಲದೆ ಸಿಗುವ ಯಾವ ಸಾಫ್ಟ್‌ವೇರ್ ಒಳ್ಳೆಯದು? ಫ್ಯಾನಿನ ಸದ್ದು ಪೂರ್ತಿ ತೆಗೆಯುವುದು ಹೇಗೆ?
– ಓದುಗರೊಬ್ಬರು, ಬೀದರ್

ಉತ್ತರ: ಆಡಾಸಿಟಿ ಹಾಕಿಕೊಳ್ಳಿ. 2000ನೇ ಇಸವಿಯಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನಿಮ್ಮ ಲ್ಯಾಪ್‌ಟಾಪಿಗೂ ಭಾರವಾಗದು. ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ, ಬೇರೆ ಕಡೆ ಸಿಕ್ಕಿದ್ದನ್ನು ಹಾಕಬೇಡಿ.

ಓಸೆನ್‌ಆಡಿಯೋ (ocenaudio) ಕೂಡ ಉಚಿತ, ಕಲಿಯಲು ಇನ್ನೂ ಸುಲಭ. ಆದರೆ ಮಾವನ ಮಾತು ಒಂದು ಸಾಲಿನಲ್ಲಿ, ನಿಮ್ಮ ವಿವರಣೆ ಇನ್ನೊಂದು ಸಾಲಿನಲ್ಲಿ ಇಟ್ಟು ಜೋಡಿಸಲು ಅದರಲ್ಲಿ ಬರುವುದಿಲ್ಲ. ಗರಾಜ್‌ಬ್ಯಾಂಡ್ ಆಪಲ್ ಇದ್ದವರಿಗೆ ಮಾತ್ರ. ರೀಪರ್ ಬಹಳ ಒಳ್ಳೆಯದು, ಆದರೆ 60 ದಿನ ನೋಡಿದ ಮೇಲೆ ದುಡ್ಡು ಕೊಡಬೇಕು.

ಇನ್ನು ಫ್ಯಾನು. ನಮ್ಮ ಕಡೆ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಅಂತ ಹಿರಿಯರಿಗೆ ಹೇಳಲು ಬಾಯಿ ಬರುವುದಿಲ್ಲ, ಅಲ್ವಾ? ನಾನು ಕಲಬುರಗಿಯಲ್ಲಿ ಮುಂಜಾನೆ ಆರಕ್ಕೆ ರೆಕಾರ್ಡ್ ಮಾಡುತ್ತೇನೆ, ಆಗ ಫ್ಯಾನಿಲ್ಲದೆ ಅರ್ಧ ಗಂಟೆ ಕೂರಬಹುದು. ಅದಾಗದಿದ್ದರೆ ಮೈಕನ್ನು ಬಾಯಿಗೆ ಒಂದು ಗೇಣು ದೂರದಲ್ಲಿಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಉಳಿದದ್ದಕ್ಕೆ ಆಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ ಇದೆ. ಮಾತು ಶುರುವಾಗುವ ಮೊದಲು ಎಲ್ಲರೂ ಐದು ಸೆಕೆಂಡ್ ಸುಮ್ನೆ ಕೂರಿ, ಮಾವನ ಕೈಯೂ ನಿಂತಿರಲಿ. ಫ್ಯಾನಿನ ಸದ್ದಷ್ಟೇ ಇರುವ ಆ ತುಂಡನ್ನು ಆರಿಸಿ 'ಗೆಟ್ ನಾಯ್ಸ್ ಪ್ರೊಫೈಲ್' ಒತ್ತಿ. ಆಮೇಲೆ ಇಡೀ ರೆಕಾರ್ಡಿಂಗ್ ಆರಿಸಿ ಅದೇ ಕಿಟಕಿ ಮತ್ತೆ ತೆರೆಯಿರಿ. ಸದ್ದು ಎಷ್ಟು ತಗ್ಗಿಸಬೇಕು ಅನ್ನುವಲ್ಲಿ 6 ಡೆಸಿಬಲ್‌ನಿಂದ ಶುರು ಮಾಡಿ.

ಅಲ್ಲಿ 'ರೆಸಿಡ್ಯೂ' ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತಿ ಪ್ರಿವ್ಯೂ ಕೇಳಿದರೆ, ಏನು ತೆಗೆದು ಹಾಕುತ್ತಿದೆಯೋ ಅದು ಮಾತ್ರ ಕೇಳಿಸುತ್ತದೆ. ಇಯರ್‌ಫೋನ್ ಹಾಕಿಕೊಂಡು ಕೇಳಿ. ಬರೀ ಫ್ಯಾನಿನ ಗುಂಯ್ ಅಂದರೆ ಸರಿ. ಮಾವನ ಮಾತಿನ ತುಣುಕು ಕೇಳಿದರೆ, ಬೆಳ್ಳಿ ತಂತಿಯನ್ನು ಗೀರಿನೊಳಗೆ ಕೂರಿಸಿ ತಟ್ಟುವ ಆ ಸಣ್ಣ ಟಕ್ ಟಕ್ ಕೇಳಿದರೆ, ಜಾಸ್ತಿ ಆಯಿತು ಅಂತ ಅರ್ಥ. ಇಳಿಸಿ. ಅದಕ್ಕೇ 'ಪೂರ್ತಿ' ತೆಗೆಯುವ ಆಸೆ ಬಿಡಿ ಅನ್ನುತ್ತೇನೆ.

ಇದನ್ನು ನಾನು ಕಳೆದುಕೊಂಡು ಕಲಿತೆ. ಆಳಂದ ತಾಲ್ಲೂಕಿನ ನಮ್ಮೂರಲ್ಲಿ ಅವ್ವನ ಬೀಸುವ ಹಾಡು ರೆಕಾರ್ಡ್ ಮಾಡಿದ್ದೆ. ಹಾಡು ಎತ್ತುವ ಮೊದಲು ಬೀಸುಕಲ್ಲು ಒಂದೇ ತಿರುಗುತ್ತಿದ್ದ ತುಂಡನ್ನೇ ನಾಯ್ಸ್ ಅಂತ ಆರಿಸಿ, 24 ಡೆಸಿಬಲ್ ಕೊಟ್ಟೆ. ಕಲ್ಲಿನ ಘರ ಘರ ಹೋಯಿತು. ಅವ್ವನ ದನಿ ಹಂಡೆಯ ನೀರಿನೊಳಗಿಂದ ಬಂದ ಹಾಗಾಯಿತು. ಅದನ್ನೇ ಮೂಲದ ಮೇಲೆ ಸೇವ್ ಮಾಡಿಬಿಟ್ಟಿದ್ದೆ. ಅವ್ವ ಈಗಿಲ್ಲ. ಆ ರೆಕಾರ್ಡಿಂಗ್ ಕೇಳುವಾಗ ಇವತ್ತಿಗೂ ನನಗೆ ಆ ಕಲ್ಲಿನ ಸದ್ದು ಬೇಕು ಅನಿಸುತ್ತದೆ.

ಹಾಗಾಗಿ ಮೊದಲ ದಿನವೇ ಮೂಲ ರೆಕಾರ್ಡಿಂಗನ್ನು ವೇವ್ ಫೈಲಾಗಿ ಪೆನ್‌ಡ್ರೈವಿಗೆ ಹಾಕಿಡಿ. ಒಂದೇ ಮೈಕಿನ ಮೋನೋ (ಒಂದೇ ಚಾನೆಲ್ಲಿನದು) ಆದರೆ ಅರ್ಧ ಗಂಟೆಗೆ ಸುಮಾರು 160 ಎಂಬಿ ಆಗುತ್ತದೆ, ಅಷ್ಟೇ. ಎಡಿಟಿಂಗ್ ಏನಿದ್ದರೂ ನಕಲಿನ ಮೇಲೆ.

ಕೊನೆಗೆ ದನಿಯ ಮಟ್ಟ. 'ಲೌಡ್‌ನೆಸ್ ನಾರ್ಮಲೈಸೇಷನ್' ತೆರೆದು ಮೈನಸ್ 16 ಎಲ್‌ಯುಎಫ್‌ಎಸ್ (ದನಿಯ ಜೋರಿನ ಅಳತೆ) ಕೊಡಿ, ಡ್ಯುಯಲ್ ಮೋನೋ ಗುರುತು ಹಾಗೇ ಇರಲಿ. ಕೇಳುವವರು ಪ್ರತಿ ಕಂತಿಗೂ ವಾಲ್ಯೂಮ್ ಏರಿಸಿ ಇಳಿಸಬೇಕಾಗುವುದಿಲ್ಲ.

ಪ್ರಶ್ನೆ: ಆಡಾಸಿಟಿಯಲ್ಲಿ ಸೇವ್ ಮಾಡಿದ ಫೈಲ್ ಗೆಳೆಯನ ಮೊಬೈಲಿನಲ್ಲಿ ತೆರೆಯುವುದೇ ಇಲ್ಲ. ನಾನೇನು ತಪ್ಪು ಮಾಡಿದೆ?
– ಓದುಗರೊಬ್ಬರು, ಯಾದಗಿರಿ

ಉತ್ತರ: ತಪ್ಪೇನಿಲ್ಲ. ಸೇವ್ ಮಾಡಿದಾಗ ಸಿಗುವುದು ಎಯುಪಿ3 ಎಂಬ ಪ್ರಾಜೆಕ್ಟ್ ಫೈಲು. ಅದು ನಿಮ್ಮ ಕೆಲಸ ಮುಂದುವರಿಸಲು, ಬೇರೆಯವರಿಗೆ ಕಳಿಸಲು ಅಲ್ಲ. ಕಳಿಸಲು ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್‌ಗೆ ಹೋಗಿ ಎಂಪಿ3 ಆರಿಸಿ. ಬರೀ ಮಾತಾದರೆ ಮೋನೋ, ಗುಣಮಟ್ಟ 64 ಕೆಬಿಪಿಎಸ್ ಸಾಕು. ಅರ್ಧ ಗಂಟೆಯ ಕಂತು 15 ಎಂಬಿ ಒಳಗೇ ಬರುತ್ತದೆ, ನೆಟ್‌ವರ್ಕ್ ಕಡಿಮೆ ಇರುವ ಹಳ್ಳಿಯಲ್ಲೂ ಇಳಿಯುತ್ತದೆ. ಹಾಡು ಇದ್ದರೆ ಮಾತ್ರ 128 ಇಡಿ.